ಜಟ್ಟಿಗಳ ಗಾಯವೂ ಕಾಳಗದ ಕಟ್ಟಳೆಯೂ

೧

ಕೃಷ್ಣೆಗೂ ತುಂಗಭದ್ರೆಗೂ ನಡುವೆ ಹಬ್ಬಿರುವ ನಾಡನ್ನು ಹಳಗನ್ನಡ ಶಾಸನಗಳು ಎಡೆದೊರೆನಾಡೆಂದು ಕರೆದಿವೆ. ಇಂದಿನ ರಾಯಚೂರು ಜಿಲ್ಲೆಯ ದೇವದುರ್ಗ, ಅರಕೇರಾ, ಮಾನ್ವಿಗಳ ಸೀಮೆಯು ಈ ನಾಡಿನೊಳಗಿನದು. ಕಲ್ಯಾಣದ ಚಾಲುಕ್ಯರು ಆಳಿದ ನೆಲವಿದು; ಮುಂದೆ ವಿಜಯನಗರದವರೂ ವಿಜಾಪುರದವರೂ ಇದಕ್ಕಾಗಿ ತಲೆಮಾರುಗಳ ಪರ್ಯಂತ ಕಾದಿದರು. ಇಲ್ಲಿಯ ಊರುಗಳಲ್ಲಿ ಹಬ್ಬ ಜಾತ್ರೆಗಳ ಸಮಯಕ್ಕೆ ಕುಸ್ತಿಯ ಕಣ ಕಟ್ಟುವ, ಗುಂಡುಕಲ್ಲನ್ನೂ ಉಸುಕಿನ ಚೀಲವನ್ನೂ ಎತ್ತಿಸುವ ವಾಡಿಕೆಯುಂಟು. ರಾಯಚೂರು ನಗರದಲ್ಲಿ ಕಾರಹುಣ್ಣಿಮೆಯ ಮುಂಗಾರು ಹಬ್ಬದಂದು ಎತ್ತುಗಳು ಭಾರದ ಕಲ್ಲನ್ನೆಳೆಯುವ ಪಂದ್ಯದೊಡನೆ ಕುಸ್ತಿಯ ಪಂದ್ಯವೂ ನಡೆಯುವುದು.

ಇಂತಹ ಕಣಗಳಲ್ಲಿ ಪೈಲ್ವಾನನನ್ನು ಗುರುತಿಸುವುದಕ್ಕೆ ಮೈಕಟ್ಟನ್ನು ನೋಡಬೇಕಾದುದಿಲ್ಲ. ಕಿವಿಯನ್ನು ನೋಡಿದರೆ ಸಾಕು. ಹಿಡಿತದಲ್ಲಿ ತಲೆಯು ಎದುರಾಳಿಯ ಮೈಗೆ ಮತ್ತೆ ಮತ್ತೆ ಉಜ್ಜುವುದರಿಂದ ಕಿವಿಯ ಮೃದ್ವಸ್ಥಿಗೂ ಅದರ ಹೊದಿಕೆಗೂ ನಡುವೆ ರಕ್ತ ತುಂಬುತ್ತದೆ. ಹೊದಿಕೆಯಿಂದಲೇ ಪೋಷಣೆ ಪಡೆಯುವ ಮೃದ್ವಸ್ಥಿಯು ಆಗ ಸೊರಗಿ, ಮುದುರಿ, ಗಂಟಾಗಿ ನಿಲ್ಲುತ್ತದೆ. ಗರಡಿಯವರು ಈ ಮುದುಡಿದ ಕಿವಿಯನ್ನು ಊನವೆಂದೆಣಿಸದೆ ವಿದ್ಯೆಯ ಮುದ್ರೆಯೆಂದೆಣಿಸುವರು. ಹೊಟ್ಟೆಪಾಡಿಗಾಗಿ ಕಾದುವವನ ಗಾಯಕ್ಕೆ ಸಮಾಜವು ಕೊಡುವ ಅರ್ಥವು ವೈದ್ಯನು ಕೊಡುವ ಅರ್ಥಕ್ಕಿಂತ ಬೇರೆಯೆಂಬುದಕ್ಕೆ ಈ ಕಿವಿಯೇ ನಿದರ್ಶನ.

ವೃತ್ತಿಮಲ್ಲನ ಗಾಯವನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಸುಲಭ. ಆದರೆ ಕನ್ನಡನಾಡಿನ ಮಲ್ಲವಿದ್ಯೆಯ ಚರಿತ್ರೆಯನ್ನು ಕ್ರಮವಾಗಿ ಪರಿಶೀಲಿಸಿದರೆ ಬೇರೊಂದು ಸಂಗತಿ ತೋರಿಬರುತ್ತದೆ. ಮೈಯ ಯಾವ ಭಾಗಕ್ಕೆ ಪೆಟ್ಟು ಬೀಳಬೇಕು, ಎಷ್ಟು ಬೀಳಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕಾದುವವರಿಗಿಂತ ಹೆಚ್ಚಾಗಿ ಕಣದ ಕಟ್ಟಳೆಯೂ ಬಹುಮಾನದ ಕ್ರಮವೂ ನಿರ್ಣಯಿಸಿವೆ.

೨

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ಈ ವಿಚಾರಕ್ಕೆ ಮೊದಲ ಆಕರ. ಅರಸನ ವಿನೋದಗಳನ್ನು ವರ್ಣಿಸುವಲ್ಲಿ ಅದು ಅಂಕವಿನೋದವನ್ನೂ ಮಲ್ಲವಿನೋದವನ್ನೂ ಬೇರೆ ಬೇರೆಯಾಗಿ ಹೇಳಿದೆ. ಅಂಕವೆಂದರೆ ಆಯುಧ ಹಿಡಿದು ಮಾಡುವ ದ್ವಂದ್ವ. ಮಲ್ಲವೆಂದರೆ ಬರಿಗೈಯ ಹಿಡಿತದ ಕಾಳಗ. ಅಂಕಕ್ಕೆ ಇಳಿಯುವವನೇ ಹಳಗನ್ನಡದ ಅಂಕಕಾರ. ತುಳುನಾಡಿನ ಕೋಳಿಯಂಕದಲ್ಲಿ ಆ ಹಳೆಯ ಮಾತು ಇಂದಿಗೂ ಉಳಿದಿದೆ.

ಮಲ್ಲವಿನೋದದ ಭಾಗದಲ್ಲಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳರೆಂದು ಮೂರು ತರಗತಿಗಳಾಗಿ ಎಣಿಸಿದೆ. ಕನ್ನಡದ ಜಟ್ಟಿ ಎಂಬ ಶಬ್ದವು ಈ ಜ್ಯೇಷ್ಠ ಶಬ್ದದಿಂದಲೇ ಬಂದಿತೆಂದು ವಿದ್ವಾಂಸರ ಮತ. ಇಪ್ಪತ್ತು ವರ್ಷದೊಳಗಿನ, ಬೆಳೆಯುತ್ತಿರುವ ಮಲ್ಲನಿಗೆ ಭವಿಷ್ಣುವೆಂದೂ ಮೂವತ್ತರ ಹೊತ್ತಿಗೆ ಬಲಿತವನಿಗೆ ಪ್ರರೂಢನೆಂದೂ ಹೆಸರು. ಅವನ ಆಹಾರವನ್ನೂ, ಭಾರವೆತ್ತುವ, ನಡೆಯುವ, ಈಜುವ, ತೋಳು ತಿರುಚುವ, ಕಂಬವನ್ನು ಹಿಡಿದು ಮಾಡುವ ಶ್ರಮಗಳನ್ನೂ ಗ್ರಂಥವು ವಿಧಿಸುತ್ತದೆ. ಮಲ್ಲನ ಮೈಯು ಅರಸನು ಸಾಕಿ, ತಿದ್ದಿ, ಪ್ರದರ್ಶಿಸುವ ವಸ್ತುವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಈ ಗ್ರಂಥಕರ್ತನ ಬಿರುದೇ ಭೂಲೋಕಮಲ್ಲ. ಅವನ ತಂದೆ ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ. ಅಜ್ಜ ಮೊದಲನೆಯ ಸೋಮೇಶ್ವರನು ಆಹವಮಲ್ಲ, ತ್ರೈಲೋಕ್ಯಮಲ್ಲ. ದೇವದುರ್ಗದ ಬಳಿಯ ಗಬ್ಬೂರಿನಂತಹ ಊರುಗಳಲ್ಲಿ ಆ ಕಾಲದ ಶಾಸನಗಳು ಇಂದಿಗೂ ಇವೆ. ಮಲ್ಲನೆಂಬ ಕೀರ್ತಿಯು ಅರಸನ ಬಿರುದಾಯಿತು. ಮುರಿದ ಕೀಲು ಮಾತ್ರ ಬಾಡಿಗೆಯ ಮಲ್ಲನ ಪಾಲಿಗೆ ಉಳಿಯಿತು. ವ್ಯಾಸಭಾರತದ ವಿರಾಟಪರ್ವದಲ್ಲಿಯೂ ಇದೇ ಚಿತ್ರವಿದೆ. ಅಲ್ಲಿ ಜೀಮೂತನೆಂಬ ಮಲ್ಲನು ಉತ್ಸವದ ಕಣದಲ್ಲಿ ಸಾಯುತ್ತಾನೆ. ವಿರಾಟನು ಗೆದ್ದ ಅಡಿಗೆಯವನಿಗೆ, ಎಂದರೆ ವೇಷ ಮರೆಸಿದ ಭೀಮನಿಗೆ, ಧನವನ್ನು ಕೊಡುತ್ತಾನೆ. ಸತ್ತವನ ಮನೆಯ ಮಾತು ಕಥೆಯಲ್ಲಿ ಬಾರದು.

ಕಟ್ಟಳೆಯ ಮಾತು ಬಂದಾಗ ರನ್ನನ ಗದಾಯುದ್ಧವು ನೆನಪಾಗದಿರದು. ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಆ ಕಾವ್ಯಕ್ಕೆ ಆಧಾರವಾದ ಭಾರತದ ಪ್ರಕರಣದಲ್ಲಿ ಬಲರಾಮನು ಕೆರಳುವುದು ದುರ್ಯೋಧನನು ಗಾಯಗೊಂಡನೆಂದಲ್ಲ, ನಾಭಿಯ ಕೆಳಗೆ ಹೊಡೆಯಲಾಗದೆಂಬ ಗದಾಯುದ್ಧದ ಧರ್ಮ ಮುರಿಯಿತೆಂದು. ಗಾಯವು ಸಹಜ, ಕಟ್ಟಳೆಯ ಭಂಗವು ಅಸಹ್ಯ ಎಂಬ ಈ ಭಾವನೆ ಬಹು ಪ್ರಾಚೀನವಾದುದು. ಕಟ್ಟಳೆಯೇ ಒಪ್ಪಿದ ಗಾಯದ ವಿಷಯದಲ್ಲಿ ಏನು ಹೇಳಬೇಕೆಂಬ ಪ್ರಶ್ನೆಗೆ ಆ ಭಾವನೆಯಲ್ಲಿ ಉತ್ತರವಿಲ್ಲ.

೩

ನಾಲ್ಕು ಶತಮಾನಗಳ ಬಳಿಕ, ಕೃಷ್ಣದೇವರಾಯನು ರಾಯಚೂರನ್ನು ಗೆದ್ದ ೧೫೨೦ರ ಸುಮಾರಿನಲ್ಲಿ, ಡೊಮಿಂಗೊ ಪಾಯಸ್ ಎಂಬ ಪೋರ್ತುಗೀಸನು ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡನು. ಅಲ್ಲಿಯ ಮಲ್ಲಯುದ್ಧವು ತನ್ನ ದೇಶದ್ದರಂತಲ್ಲವೆಂದೂ, ಹಲ್ಲು ಮುರಿಯುವಷ್ಟು, ಕಣ್ಣು ಕೀಳುವಷ್ಟು, ಮುಖ ವಿಕಾರವಾಗುವಷ್ಟು ಬಲವಾದ ಪೆಟ್ಟುಗಳು ಬೀಳುವುವೆಂದೂ, ಮಾತು ಹೋದ ಕೆಲವರನ್ನು ಗೆಳೆಯರು ಹೊತ್ತುಕೊಂಡು ಹೋಗುವರೆಂದೂ ಅವನು ಬರೆದಿದ್ದಾನೆ. ಸಮಬಲರನ್ನು ಜೊತೆಗೂಡಿಸಲು, ಗೆದ್ದವರಿಗೆ ಮರ್ಯಾದೆ ಸಲ್ಲಿಸಲು ನಾಯಕರೂ ತೀರ್ಪುಗಾರರೂ ಇದ್ದರೆಂದು ಹೇಳಲು ಅವನು ಮರೆತಿಲ್ಲ.

ಅವನ ತರುವಾಯ, ಸುಮಾರು ೧೫೩೫-೩೭ರಲ್ಲಿ ಬರೆದ ಫೆರ್ನಾವೊ ನೂನಿಜನು ರಾಯಚೂರಿನ ಯುದ್ಧವನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಮಲ್ಲರ ವಿಷಯವಾಗಿಯೂ ಅವನ ಮಾತು ಬೆಲೆಯುಳ್ಳದು. ಅರಸನಲ್ಲಿ ಸಾವಿರ ಮಂದಿ ಮಲ್ಲರಿದ್ದರು, ಅವರಿಗೊಬ್ಬ ನಾಯಕನಿದ್ದನು, ಅವರು ರಾಜ್ಯದಲ್ಲಿ ಬೇರಾವ ಸೇವೆಯನ್ನೂ ಮಾಡುತ್ತಿರಲಿಲ್ಲ. ಆದುದರಿಂದ ಅವರನ್ನು ಅಚ್ಚ ವೃತ್ತಿಯಾಳುಗಳೆಂದು ಧಾರಾಳವಾಗಿ ಹೇಳಬಹುದು. ಕೈಯಲ್ಲಿ ಮೊನೆಗಳುಳ್ಳ ಬಳೆಯಂತಹ ಆಯುಧಗಳನ್ನು ಹಿಡಿದು ಅವರು ಒಬ್ಬರನ್ನೊಬ್ಬರು ಹೊಡೆದು ಗಾಯಗೊಳಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಗಾಯಗೊಂಡವನು ಹೋಗಿ ರೇಷ್ಮೆಯ ಬಟ್ಟೆಯನ್ನು ಬಹುಮಾನವಾಗಿ ಪಡೆಯುತ್ತಿದ್ದನು.

ಪಾಯಸನ ಪ್ರಕಾರ ಮರ್ಯಾದೆಯು ಗೆದ್ದವನಿಗೆ. ನೂನಿಜನ ಪ್ರಕಾರ ಬಟ್ಟೆಯು ಹೆಚ್ಚು ನೊಂದವನಿಗೆ. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧ. ಆದರೆ ಗೆಲುವಿಗೊಂದು, ನೋವಿಗೊಂದು ಎಂದು ಎರಡು ಬಗೆಯ ಸಲ್ಲಿಕೆಗಳಿದ್ದುವೆಂದು ಊಹಿಸಿದರೆ ವಿರೋಧವು ಪರಿಹಾರವಾಗುತ್ತದೆ. ಈ ಊಹೆ ಸರಿಯಾದರೆ ಆ ರೇಷ್ಮೆಯ ಬಟ್ಟೆಯನ್ನು ಎರಡು ರೀತಿಯಾಗಿ ತಿಳಿಯಬಹುದು. ದುಡಿಮೆಯಲ್ಲಿ ಮೈ ಕೆಡಿಸಿಕೊಂಡವನಿಗೆ ಒಡೆಯನು ಕೊಡುವ ಪರಿಹಾರವೆಂಬುದು ಒಂದು. ಹೆಚ್ಚು ನೆತ್ತರು ಸುರಿಸಿದವನೇ ಹೆಚ್ಚು ಮೆಚ್ಚುಗೆಗೆ ಪಾತ್ರನೆಂಬ ಆಮಿಷವೆಂಬುದು ಇನ್ನೊಂದು. ಗಾಯಕ್ಕೆ ಬೆಲೆ ಕಟ್ಟಿದೊಡನೆ ಈ ಎರಡೂ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

೪

ವಿಜಯನಗರದ ಮಹಾನವಮಿಯ ಸಂಪ್ರದಾಯವನ್ನು ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಮೊನೆಯ ಆಯುಧ ಹಿಡಿದ ಮಲ್ಲರ ಕಾಳಗವು ಮೈಸೂರು ಸೀಮೆಯಲ್ಲಿ ವಜ್ರಮುಷ್ಟಿಯೆಂಬ ಹೆಸರಿನಿಂದ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಮೈಸೂರಿನಲ್ಲಿದ್ದ ಮಾರ್ಕ್ ವಿಲ್ಕ್ಸನು ತನ್ನ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯಲ್ಲಿ ಜಟ್ಟಿಗಳ ವಿಷಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಬಾಲ್ಯದಿಂದಲೇ ಪ್ರತಿದಿನ ಸಾಧನೆ ಮಾಡಿದ ಪ್ರತ್ಯೇಕವಾದೊಂದು ಜಾತಿಯವರವರು. ಅವರಷ್ಟು ಸುಂದರವಾದ ಮೈಕಟ್ಟು ಲೋಕದಲ್ಲಿ ಬೇರೆಲ್ಲಿಯೂ ಇರಲಾರದೆಂದು ಮೆಚ್ಚಿದ ಅವನೇ ಆ ಆಟವನ್ನು ಕ್ರೂರವೆಂದೂ ಕರೆದಿದ್ದಾನೆ.

ಅವನ ವಿವರಣೆಯಲ್ಲಿ ಅತ್ಯಂತ ಗಮನಾರ್ಹವಾದುದು ಆಯುಧದ ರಚನೆ. ಅದು ಕೋಣನ ಕೊಂಬಿನಿಂದಾದುದು. ಬೆರಳ ಗೆಣ್ಣುಗಳಂತೆ ನಾಲ್ಕು ಹರಿತವಾದ ಗುಬುಟುಗಳು, ಕಿರುಬೆರಳ ಕಡೆ ಇನ್ನೂ ಮುಂಚಾಚಿದ ಐದನೆಯದೊಂದು. ಕೈಯಲ್ಲಿ ಭದ್ರವಾಗಿ ಹಿಡಿದರೆ ಸಾಮಾನ್ಯ ಬಲದವನೂ ಒಂದೇ ಪೆಟ್ಟಿಗೆ ತಲೆಯನ್ನು ಸೀಳಬಲ್ಲನು. ಆದರೆ ಕಟ್ಟಳೆಯ ಪ್ರಕಾರ ಅದನ್ನು ಬೆರಳುಗಳ ಕೆಳಗಿನ ಎರಡು ಗೆಣ್ಣುಗಳ ನಡುವೆ ಅಡ್ಡವಾಗಿ ಬಿಗಿಯುವರು. ಆ ಸ್ಥಾನದಲ್ಲಿ ಬಿಗಿದಾಗ ಬಲವಾಗಿ ಹೊಡೆಯಹೋದವನ ಬೆರಳುಗಳ ಕೀಲುಗಳೇ ತಪ್ಪುವ ಅಪಾಯವುಂಟು. ಎಂದರೆ ಹೊಡೆತದ ಮಿತಿಯನ್ನು ತೀರ್ಪುಗಾರನ ಮಾತಿಗೆ ಬಿಡದೆ ಹೊಡೆಯುವವನ ಕೈಯಲ್ಲಿಯೇ ಇಟ್ಟರು. ಎದುರಾಳಿಯ ತಲೆಗೆ ರಕ್ಷೆ ತನ್ನ ಬೆರಳಿನ ಭಯ.

ಹೊಡೆಯಬಹುದಾದ ಅಂಗವು ತಲೆಯೊಂದೇ. ಕಾಳಗ ಮುಗಿಯುವ ಮುನ್ನ ಇಬ್ಬರ ನೆತ್ತಿಯಿಂದಲೂ ಕಣದ ಮರಳಿನವರೆಗೆ ನೆತ್ತರು ಹರಿಯುತ್ತಿದ್ದುದು ಅಪರೂಪವಲ್ಲ. ಗೆಲುವು ಸ್ಪಷ್ಟವಾದಾಗಲೂ ಕಾಳಗ ಮಿತಿಮೀರಿದಾಗಲೂ ಅರಸನ ಬಳಿಯ ಮಧ್ಯಸ್ಥರು ಜಟ್ಟಿಗಳಿಗೆ ಉಡುಗೊರೆಯಾಗಬೇಕಾದ ರುಮಾಲುಗಳನ್ನೂ ವಸ್ತ್ರಗಳನ್ನೂ ಕಣಕ್ಕೆಸೆದು ನಿಲ್ಲಿಸುತ್ತಿದ್ದರು. ಬಹುಮಾನವೇ ಇಲ್ಲಿ ನಿಲುಗಡೆಯ ಸನ್ನೆ. ನೂನಿಜನ ಕಾಲದ ರೇಷ್ಮೆಯ ಬಟ್ಟೆಯು ನೋವನ್ನು ಅಳೆದ ಮೇಲೆ ಬಂದರೆ, ವಿಲ್ಕ್ಸನು ಕಂಡ ರುಮಾಲು ನೋವನ್ನು ತಡೆಯಲು ಬರುತ್ತದೆ. ಎರಡು ಬಟ್ಟೆಗಳ ನಡುವಣ ಅಂತರವೇ ಈ ವಿದ್ಯೆಯ ಚರಿತ್ರೆಯಲ್ಲಿ ಆದ ಮುಖ್ಯವಾದ ಮಾರ್ಪಾಟು.

ಜಟ್ಟಿಗಳಲ್ಲಿ ಐದು ತರಗತಿಗಳಿದ್ದುವು. ಗೆಲುವಿಗೆ ವಾಡಿಕೆಯ ಫಲವು ಮೇಲಿನ ತರಗತಿಗೆ ಏರುವುದು. ಮುಪ್ಪಿನಲ್ಲಿ ವಿದ್ಯೆಯ ಗುರುವಾಗುವ ಪದವಿ. ಮೈ ಸೋತ ಮೇಲೆಯೂ ಅನ್ನವಿದೆಯೆಂಬ ಈ ಭರವಸೆಯು ಇಂದಿನ ಅನೇಕ ವೃತ್ತಿಕ್ರೀಡೆಗಳಲ್ಲಿ ದೊರಕದ ವಸ್ತು. ವಿಜಯದಶಮಿಯ ಬೆಳಿಗ್ಗೆ ಮೈಸೂರಿನ ಅರಮನೆಯಲ್ಲಿ ನಡೆದು ಬಂದಿರುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚಾಮರಾಜನಗರ, ಚನ್ನಪಟ್ಟಣಗಳ ಜಟ್ಟಿಗಳು ತಲೆ ಬೋಳಿಸಿಕೊಂಡು ಇಳಿಯುವರು. ಒಬ್ಬನ ತಲೆಯಲ್ಲಿ ನೆತ್ತರು ಕಾಣಿಸಿದೊಡನೆ ಕಾಳಗವು ನಿಲ್ಲುವುದು.

೫

ಗಾಯಗೊಳಿಸುವ ಕೈಯೇ ಗಾಯವನ್ನು ಮಾಯಿಸುವ ಕೈಯೂ ಆದುದು ಈ ಸಂಪ್ರದಾಯದ ಇನ್ನೊಂದು ವಿಶೇಷ. ತಪ್ಪಿದ ಕೀಲನ್ನು ಕೂಡಿಸುವುದರಲ್ಲಿ, ಎಣ್ಣೆ ಲೇಪಗಳಿಂದ ತಿಕ್ಕಿ ನೋವು ಕಳೆಯುವುದರಲ್ಲಿ ಜಟ್ಟಿಗಳು ಹೆಸರಾದವರೆಂದು ೧೯೦೯ರಲ್ಲಿ ಪ್ರಕಟವಾದ ಥರ್ಸ್ಟನ್ನನ ಜಾತಿವಿವರಣಗ್ರಂಥವು ಹೇಳುತ್ತದೆ. ಯಾವ ಪಟ್ಟಿಗೆ ಯಾವ ಕೀಲು ತಪ್ಪುವುದೆಂಬುದನ್ನು ಕಣದಲ್ಲಿ ಕಲಿತವನಿಗೆ ಅದನ್ನು ಹಿಂದಿರುಗಿಸುವ ದಾರಿಯೂ ಕೈಗೆ ತಿಳಿದಿರುವುದು ಸಹಜ.

ಈ ಅನುಭವಜ್ಞಾನಕ್ಕೆ ಶಾಸ್ತ್ರದ ಬೆಂಬಲವೂ ಇತ್ತು. ಸುಶ್ರುತಸಂಹಿತೆಯು ಕೀಲು ತಪ್ಪುವುದನ್ನು ಆರು ಬಗೆಯಾಗಿಯೂ ಎಲುಬು ಮುರಿಯುವುದನ್ನು ಹನ್ನೆರಡು ಬಗೆಯಾಗಿಯೂ ವಿಂಗಡಿಸಿದೆ. ಮುರಿದ ಎಲುಬಿಗೆ ಮರದ ತೊಗಟೆಯ ದಬ್ಬೆಗಳನ್ನಿಟ್ಟು ಕಟ್ಟಬೇಕು. ಆ ಕಟ್ಟನ್ನು ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಕಾಲದಲ್ಲಿ ಐದು ದಿನಕ್ಕೊಮ್ಮೆ, ಸೆಕೆಗಾಲದಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ ಕೂಡುವ ಮುರಿತವು ನಡುವಯಸ್ಸಿನಲ್ಲಿ ಎರಡು, ಮುಪ್ಪಿನಲ್ಲಿ ಮೂರು ತಿಂಗಳು ಹಿಡಿಯುವುದು. ಬೇಗನೆ ಕಣಕ್ಕೆ ಮರಳಬೇಕೆನ್ನುವ ಮಲ್ಲನಿಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕಿಲ್ಲ: ಗಾಯಕ್ಕೆ ತನ್ನದೇ ಆದ ಕಾಲವಿದೆ, ಅದು ಜಾತ್ರೆಯ ತಿಥಿಯನ್ನು ನೋಡಿಕೊಂಡು ಮಾಯುವುದಿಲ್ಲ.

ಹೀಗೆ ಎಲುಬು, ಕೀಲು, ಚರ್ಮಗಳ ಮಟ್ಟಿಗೆ ಕಟ್ಟಳೆಯೂ ಚಿಕಿತ್ಸೆಯೂ ಒಂದಕ್ಕೊಂದು ಹೊಂದಿಕೊಂಡು ಬೆಳೆದುವು. ಆದರೆ ಅವೆರಡೂ ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಗಾಯಗಳನ್ನು ಕುರಿತವು. ಕೈಗೆ ಸಿಕ್ಕದ ಗಾಯವೊಂದು ಉಳಿದೇ ಇತ್ತು.

೬

ಮಿದುಳು ತಲೆಬುರುಡೆಯೊಳಗೆ ದ್ರವದಲ್ಲಿ ತೇಲುವ ಮೆತ್ತನೆಯ ಅಂಗ. ತಲೆಯು ಥಟ್ಟನೆ ತಿರುಗಿದಾಗ ಅಥವಾ ಥಟ್ಟನೆ ನಿಂತಾಗ ಬುರುಡೆ ನಿಂತರೂ ಮಿದುಳು ನಿಲ್ಲದು. ಅದರ ನವುರಾದ ನರತಂತುಗಳು ಎಳೆದು ತಿರುಚಿಕೊಳ್ಳುತ್ತವೆ. ಹೊರಗೆ ನೆತ್ತರಿಲ್ಲ, ಎಲುಬು ಮುರಿದಿಲ್ಲ. ಆದರೂ ಗಾಯಾಳುವಿಗೆ ಮಂಕು ಕವಿಯುವುದು, ವಾಕರಿಕೆ ಬರುವುದು, ನಡೆದುದು ಮರೆಯುವುದು. ಆ ಮಂಕು ಕಳೆಯುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಪ್ರಾಣಕ್ಕೇ ಅಪಾಯ. ಇಂತಹ ಪೆಟ್ಟುಗಳು ವರ್ಷಗಟ್ಟಲೆ ಕೂಡಿದರೆ ನೆನಪು, ವಿವೇಕ, ನಡಿಗೆಗಳು ಕ್ರಮೇಣ ಕುಂದಬಹುದು. ಮುಷ್ಟಿಯುದ್ಧದವರಲ್ಲಿ ಈ ಕೇಡನ್ನು ಅಮೆರಿಕದ ಹ್ಯಾರಿಸನ್ ಮಾರ್ಟ್‌ಲ್ಯಾಂಡನು ೧೯೨೮ರಲ್ಲಿ ವೈದ್ಯಲೋಕಕ್ಕೆ ವಿವರಿಸಿದನು. ಪಾಯಸನು ಕಂಡ, ಮಾತು ಹೋಗಿ ಗೆಳೆಯರ ಹೆಗಲೇರಿದ ಮಲ್ಲರು ಈ ಗಾಯದವರೇ ಆಗಿರಬೇಕೆಂದು ತೋರುತ್ತದೆ.

ಈ ಅಂಶವನ್ನು ಸ್ಪಷ್ಟಪಡಿಸುವುದಕ್ಕೆ ದೂರದೇಶದ ಇನ್ನೊಂದು ವೃತ್ತಿಕ್ರೀಡೆಯನ್ನು ಹೋಲಿಸಿ ನೋಡುವುದು ಉಚಿತ. ಕೆನಡಾ ಮತ್ತು ಅಮೆರಿಕ ದೇಶಗಳ ಐಸ್ ಹಾಕಿಯಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಆಟಗಾರರು ಅತಿವೇಗದಿಂದ ಜಾರುತ್ತ ಒಬ್ಬರ ಮೈಗೊಬ್ಬರು ಅಪ್ಪಳಿಸುವುದನ್ನು ಆಟದ ನಿಯಮವೇ ಒಪ್ಪಿದೆ. ಅಲ್ಲಿಯ ರಾಷ್ಟ್ರೀಯ ಹಾಕಿ ಲೀಗಿನ ಗೋಲುರಕ್ಷಕ ಜಾಕ್ ಪ್ಲಾಂಟನು ೧೯೫೯ರ ನವೆಂಬರ್ ೧ರಂದು ಮುಖ ಸೀಳಿದ ಮೇಲೆ ಮುಖವಾಡ ಧರಿಸಿ ಕಣಕ್ಕೆ ಮರಳಿದಾಗ ಅವನ ತರಬೇತುದಾರನಿಗೇ ಅದು ಹಿಡಿಸಿರಲಿಲ್ಲ. ೧೯೬೮ರ ಜನವರಿ ೧೩ರಂದು ಬಿಲ್ ಮಾಸ್ಟರ್ಟನ್ ಎಂಬ ಆಟಗಾರನು ಶಿರಸ್ತ್ರಾಣವಿಲ್ಲದೆ ಹಿಮ್ಮುಖವಾಗಿ ಬಿದ್ದು ಎರಡು ದಿನಗಳಲ್ಲಿ ಸತ್ತನು. ಆದರೂ ಶಿರಸ್ತ್ರಾಣವನ್ನು ಕಡ್ಡಾಯಗೊಳಿಸಿದುದು ೧೯೭೯ರಲ್ಲಿ. ಅದೂ ಹೊಸದಾಗಿ ಸೇರುವವರಿಗೆ ಮಾತ್ರ. ಬರಿದಲೆಯಿಂದ ಆಡುವ ಕೊನೆಯವನು ನಿವೃತ್ತನಾದುದು ೧೯೯೭ರಲ್ಲಿ. ಕಾಯುವ ಸಾಧನ ಕೈಯಲ್ಲಿದ್ದೂ ಅದನ್ನು ತೊಡುವುದು ಅಂಜುಬುರುಕತನವೆಂಬ ಭಾವನೆಯು, ಮುದುಡಿದ ಕಿವಿಯನ್ನು ಮುದ್ರೆಯೆನ್ನುವ ಭಾವನೆಗೆ ದೂರದ ನೆಂಟನಲ್ಲ.

ಶಿರಸ್ತ್ರಾಣವೂ ಪೂರ್ಣ ಪರಿಹಾರವಾಗಲಿಲ್ಲ. ಅದು ಬುರುಡೆಯನ್ನು ಕಾಯುತ್ತದೆ. ಬುರುಡೆಯೊಳಗೆ ಮಿದುಳು ಅದುರುವುದನ್ನು ಪೂರ್ತಿಯಾಗಿ ತಡೆಯಲಾರದು. ೨೦೦೯ರಲ್ಲಿ ತೀರಿಕೊಂಡ ರೆಜಿ ಫ್ಲೆಮಿಂಗ್ ಎಂಬ ಹಳೆಯ ಹಾಕಿ ಆಟಗಾರನ ಮಿದುಳನ್ನು ಪರೀಕ್ಷಿಸಿದಾಗ ಪದೇ ಪದೇ ಬಿದ್ದ ಪೆಟ್ಟಿನಿಂದಾಗುವ ಕ್ಷಯವು ಅದರಲ್ಲಿ ಕಂಡುಬಂದಿತು. ಮುಷ್ಟಿಯುದ್ಧದ ಕೈಗವುಸಿನ ಕಥೆಯೂ ಇಂತಹುದೇ. ೧೮೬೭ರ ಕ್ವೀನ್ಸ್‌ಬೆರಿ ನಿಯಮಗಳು ವಿಧಿಸಿದ ಕೈಗವುಸು ಹೊಡೆಯುವವನ ಬೆರಳನ್ನು ಕಾಯಿತು. ಬೆರಳಿನ ಭಯ ಕಳೆದ ಮೇಲೆ ತಲೆಗೆ ಹೊಡೆಯುವುದಕ್ಕೆ ಇದ್ದ ಸಹಜವಾದ ಅಡ್ಡಿಯೊಂದು ತಪ್ಪಿತು. ವಜ್ರಮುಷ್ಟಿಯ ಕಟ್ಟು ಇದಕ್ಕೆ ತೀರ ವಿರುದ್ಧವಾದುದು: ಅಲ್ಲಿ ಹೊಡೆಯುವವನ ಬೆರಳನ್ನು ಬೇಕೆಂದೇ ಅಪಾಯದಲ್ಲಿಟ್ಟರು. ಗಾಯವನ್ನು ತಡೆಯಲು ಕವಚ ತೊಡಿಸುವುದೊಂದು ಮಾರ್ಗ, ಕೈಯನ್ನು ಕಟ್ಟುವುದೊಂದು ಮಾರ್ಗ. ಎರಡನೆಯದರ ಬೆಲೆಯನ್ನು ಹಳೆಯ ಜಟ್ಟಿಗಳು ಬಲ್ಲವರಾಗಿದ್ದರು.

ಹಾಗೆಂದು ಹಳೆಯ ಕಟ್ಟಳೆಯನ್ನು ವಿಮರ್ಶೆಯಿಲ್ಲದೆ ಹೊಗಳಲಾಗದು. ನೆತ್ತರು ಕಂಡೊಡನೆ ನಿಲ್ಲಿಸುವ ನಿಯಮವು ಅಳೆಯುವುದು ನೆತ್ತಿಯ ಚರ್ಮವನ್ನು. ಚರ್ಮ ಹರಿದು ನೆತ್ತರು ಚಿಮ್ಮಿದ ಗಾಯವು ಹಲವು ವೇಳೆ ಅಲ್ಪವಾದುದು. ನೆತ್ತರಿಲ್ಲದೆ ಮಂಕು ಕವಿಸಿದ ಪೆಟ್ಟು ಅದಕ್ಕಿಂತ ಘೋರವಾಗಿರಬಹುದು. ಮೊದಲನೆಯದು ಕಾಳಗವನ್ನು ನಿಲ್ಲಿಸುತ್ತದೆ, ಎರಡನೆಯದು ನಿಲ್ಲಿಸುವುದಿಲ್ಲ.

೭

ಅರಕೇರಾ, ದೇವದುರ್ಗ, ಮಾನ್ವಿಗಳಂತಹ ಕಡೆಗಳ ಕುಸ್ತಿಯು ವಜ್ರಮುಷ್ಟಿಯಲ್ಲ. ಇಲ್ಲಿ ಆಯುಧವಿಲ್ಲ, ಹೊಡೆತವಿಲ್ಲ, ಬೆನ್ನು ಮಣ್ಣಿಗೆ ತಾಗಿಸುವುದೇ ಗೆಲುವು. ಆದುದರಿಂದ ಇಲ್ಲಿಯ ಗಾಯಗಳು ಹೆಚ್ಚಾಗಿ ಮೊಣಕಾಲು, ಹೆಗಲು, ಕುತ್ತಿಗೆ, ಕಿವಿಗಳವು. ಮಣ್ಣನ್ನು ಸೋಸಿ, ಅಗೆದು, ಎಣ್ಣೆ ಮಜ್ಜಿಗೆ ಅರಿಸಿನಗಳನ್ನು ಬೆರಸಿ ಹದಗೊಳಿಸುವ ಗರಡಿಯ ಪದ್ಧತಿಯು ಬೀಳುವ ಮೈಗೆ ಹಿತವಾದುದು. ಗಟ್ಟಿಯಾದ ನೆಲದ ಮೇಲೆ ತೆಳುವಾಗಿ ಮಣ್ಣು ಹರಡಿ ಅವಸರದಲ್ಲಿ ಕಟ್ಟಿದ ಕಣಕ್ಕೆ ಆ ಗುಣವಿಲ್ಲ. ಎತ್ತಿ ಕೆಡಹುವ ಪಟ್ಟಿನಲ್ಲಿ ತಲೆ ಮೊದಲು ನೆಲಕ್ಕೆ ತಾಗಿದರೆ ಮೇಲೆ ಹೇಳಿದ ಕಾಣದ ಗಾಯವು ಇಲ್ಲಿಯೂ ಸಂಭವಿಸುವುದು.

ಬಡಪಾಯಿ ಪೈಲ್ವಾನನಿಗೆ ಕಡೆಯ ಕುಸ್ತಿಯ ಬೆಳ್ಳಿಯ ಕಡಗವು ಕೀರ್ತಿಯೂ ಹೌದು, ಸಂಸಾರಕ್ಕೆ ಆಧಾರವೂ ಹೌದು. ಅದು ಗೆದ್ದವನಿಗೆ ಮಾತ್ರ ದೊರೆಯುವ ತನಕ ಮಂಕು ಕವಿದವನು ಮಂಕಿಲ್ಲವೆಂದೇ ಹೇಳುವನು. ಮೊಣಕಾಲು ಊದಿದವನು ಊದಿದುದನ್ನು ಮರೆಸುವನು. ಇದು ಅವನ ಸ್ವಭಾವದ ದೋಷವಲ್ಲ, ಬಹುಮಾನದ ಕ್ರಮದ ಫಲ. ಆದಕಾರಣ ನಿಲ್ಲಿಸುವ ನಿರ್ಣಯವನ್ನು ಕಾದುವವನಿಗೆ ಬಿಡಲಾಗದು. ತಲೆಗೆ ಪೆಟ್ಟು ತಗುಲಿ ಕ್ಷಣಮಾತ್ರವಾದರೂ ದಿಗ್ಭ್ರಮೆಗೊಂಡವನನ್ನು ಆ ದಿನ ಮತ್ತೆ ಕಣಕ್ಕಿಳಿಸದಿರುವುದು, ನೋವಿನಿಂದ ಹಿಂದೆಗೆದವನಿಗೂ ಮರ್ಯಾದೆಯ ಒಂದು ಪಾಲನ್ನು ಸಲ್ಲಿಸುವುದು, ಸೋತ ಮೈಗೆ ಗುರುವಿನ ಪದವಿಯನ್ನೋ ಬೇರೆ ಅನ್ನದ ದಾರಿಯನ್ನೋ ಒದಗಿಸುವುದು: ಈ ಮೂರರಲ್ಲಿ ಮೊದಲನೆಯದನ್ನು ಈಗಿನ ವೈದ್ಯಶಾಸ್ತ್ರವು ಕಲಿಸಿತು, ಉಳಿದೆರಡು ಹಳೆಯ ಜಟ್ಟಿಗಳ ವ್ಯವಸ್ಥೆಯಲ್ಲಿಯೇ ಇದ್ದುವು.

ಮಾನಸೋಲ್ಲಾಸದ ಅರಸನು ಮಲ್ಲನ ಮೈಯನ್ನು ಬೆಳೆಸಿದನು. ವಿಜಯನಗರದ ಅರಸನು ಅದರ ಗಾಯಕ್ಕೆ ಬೆಲೆ ಕೊಟ್ಟನು. ಮೈಸೂರಿನ ಮಧ್ಯಸ್ಥರು ಆ ಗಾಯಕ್ಕೆ ಮಿತಿ ಹಾಕಿದರು. ಆ ಮಿತಿಯನ್ನು ಕಣ್ಣಿಗೆ ಕಾಣದ ಗಾಯದವರೆಗೆ ವಿಸ್ತರಿಸುವುದು ಈಗ ಪಂದ್ಯ ಕಟ್ಟುವ ಊರಹಿರಿಯರ ಕೈಯಲ್ಲಿದೆ. ಮಧ್ಯಸ್ಥನ ರುಮಾಲು ನೆತ್ತರು ಕಾಣುವವರೆಗೆ ಕಾಯಬೇಕಾದುದಿಲ್ಲ.